ಒಡೆಯ ಸತ್ತ, ಆಲ್ಫ್ರೆಡೊ ಬದುಕಿದ



ಇಂದಿನ ಚಿಂತನೆಗೆ ಒಂದು ಸಿನಿಮಾ ಆರಿಸಿಕೊಂಡಿದ್ದೇನೆ. ಇಟಲಿಯ ಬರ್ನಾರ್ಡೊ ಬೆರ್ಟೊಲುಚಿ 1976ರಲ್ಲಿ ತೆಗೆದ 'ನೊವೆಚೆಂತೊ'. ಐದು ಗಂಟೆಗೂ ಮೀರಿದ್ದು, ನಾನು ಮೂರು ರಾತ್ರಿ ಕೂತು ನೋಡಿದೆ. (ಕೆಲವು ದೃಶ್ಯಗಳು ತುಂಬಾ ಕ್ರೂರ. ಮಕ್ಕಳ ಮುಂದೆ ಹಾಕಬೇಡಿ.)

ಉತ್ತರ ಇಟಲಿಯ ಎಮಿಲಿಯಾ ಸೀಮೆಯ ಒಂದು ಜಮೀನು. 1901ರಲ್ಲಿ ಒಂದೇ ದಿನ ಅಲ್ಲಿ ಎರಡು ಗಂಡುಮಕ್ಕಳು ಹುಟ್ಟುತ್ತವೆ. ಆಲ್ಫ್ರೆಡೊ ಜಮೀನ್ದಾರನ ಮೊಮ್ಮಗ. ಓಲ್ಮೊ ಅಲ್ಲೇ ತಲೆಮಾರುಗಳಿಂದ ದುಡಿಯುತ್ತಿರುವ ಮನೆತನದ ಕೂಸು, ಅಪ್ಪ ಯಾರೆಂದು ತಿಳಿಯದು. ಆಲಿಕಲ್ಲು ಮಳೆಗೆ ಬೆಳೆ ಹಾಳಾದಾಗ ಒಡೆಯ ಕೂಲಿಯನ್ನು ಅರ್ಧಕ್ಕೆ ಇಳಿಸುತ್ತಾನೆ. ಆಗ ಒಬ್ಬ ಕೂಲಿಯಾಳು ಮಾತಾಡದೆ ತನ್ನ ಕಿವಿಯನ್ನೇ ಕೊಯ್ದು ಒಡೆಯನಿಗೆ ಕೊಡುತ್ತಾನೆ. ಆ ದೃಶ್ಯ ಕಣ್ಣಿಂದ ಹೋಗುವುದಿಲ್ಲ.

ಆಲ್ಫ್ರೆಡೊ, ಓಲ್ಮೊ ಜೀವದ ಗೆಳೆಯರಾಗಿ ಬೆಳೆಯುತ್ತಾರೆ. ಈ ಗೆಳೆತನದಲ್ಲಿ ಸುಳ್ಳಿಲ್ಲ. ಆದರೆ ಆಲ್ಫ್ರೆಡೊನ ಮದುವೆಯ ದಿನ ಒಬ್ಬ ಹುಡುಗನ ಹೆಣ ಸಿಗುತ್ತದೆ. ಕೊಂದವನು ಜಮೀನಿನ ಮೇಲ್ವಿಚಾರಕ ಅಟಿಲಾ, ಫ್ಯಾಸಿಸ್ಟ್. ಅವನು ಓಲ್ಮೊನ ಕಡೆ ಬೆರಳು ತೋರಿಸುತ್ತಾನೆ, ಅವನ ಕಡೆಯವರು ಓಲ್ಮೊನನ್ನು ಬಡಿಯುತ್ತಾರೆ. ಒಂದು ಮಾತಿನಲ್ಲಿ ತಡೆಯಬಹುದಾಗಿದ್ದ ಆಲ್ಫ್ರೆಡೊ ನಿಂತು ನೋಡುತ್ತಾನೆ. ಅಟಿಲಾನನ್ನು ಕೆಲಸದಿಂದ ತೆಗೆಯಲು ಅವನಿಗೆ ವರ್ಷಗಳೇ ಹಿಡಿಯುತ್ತವೆ.

ಇಂಥ ಗೆಳೆಯರು ನಮ್ಮಲ್ಲಿ ಯಾರಿಗಿಲ್ಲ? ಮನೆಗೆ ಬರುತ್ತಾರೆ, ಊಟ ಮಾಡುತ್ತಾರೆ. ಊರಲ್ಲಿ ಗಲಾಟೆಯಾದ ದಿನ ಫೋನ್ ಎತ್ತುವುದಿಲ್ಲ. ಅವರ ಪ್ರೀತಿ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಮೈತ್ರಿ ಎಂದು ಬಾಬಾಸಾಹೇಬರು ಕರೆದದ್ದು ಇದನ್ನಲ್ಲ.

1945ರ ಏಪ್ರಿಲ್ 25, ಇಟಲಿಗೆ ಬಿಡುಗಡೆಯ ದಿನ. ರೈತರು ಅಟಿಲಾನನ್ನು ಹಿಡಿದು ಕೊಲ್ಲುತ್ತಾರೆ. ಆಲ್ಫ್ರೆಡೊನನ್ನು ಅಂಗಳದಲ್ಲಿ ವಿಚಾರಣೆಗೆ ನಿಲ್ಲಿಸುತ್ತಾರೆ. ಓಲ್ಮೊ ಹೇಳುವುದು ವಿಚಿತ್ರವಾಗಿದೆ: ಒಡೆಯ ಸತ್ತ, ಆದರೆ ಆಲ್ಫ್ರೆಡೊ ಬದುಕಿರಬೇಕು, ಒಡೆಯ ಸತ್ತದ್ದಕ್ಕೆ ಅವನೇ ಜೀವಂತ ಸಾಕ್ಷಿ. ಸ್ವಲ್ಪ ಹೊತ್ತಿಗೆ ಹೊಸ ಸರ್ಕಾರದ ಕಡೆಯವರು ಬಂದು ರೈತರ ಕೋವಿಗಳನ್ನೆಲ್ಲ ಒಪ್ಪಿಸಿಕೊಳ್ಳುತ್ತಾರೆ. ಅಂಗಳ ಖಾಲಿಯಾದ ಮೇಲೆ ಆಲ್ಫ್ರೆಡೊ ಅನ್ನುತ್ತಾನೆ, ಒಡೆಯ ಬದುಕಿದ್ದಾನೆ ಅಂತ.

ಹಾಗಾದರೆ ಓಲ್ಮೊ ತೋರಿದ ದಯೆ ದಂಡವಾಯಿತೇ? ನಮ್ಮ ಹುಡುಗರು ಕೇಳುವುದೂ ಇದನ್ನೇ: ಅಹಿಂಸೆ ಎಂದು ಸುಮ್ಮನಿದ್ದು ನಮಗೇನು ಸಿಕ್ಕಿತು?

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆಯನ್ನೂ ಕೊಲ್ಲಬೇಕಾದ ಅನಿವಾರ್ಯವನ್ನೂ ಬೇರೆ ಮಾಡುತ್ತಾರೆ. ಅಹಿಂಸೆ ಎಂದರೆ ಸುಮ್ಮನಿರುವುದು ಎಂದು ಅವರು ಎಲ್ಲೂ ಹೇಳಲಿಲ್ಲ. ಆಲ್ಫ್ರೆಡೊನನ್ನು ಕೊಲ್ಲುವ ಅನಿವಾರ್ಯ ಅಂದು ಇರಲಿಲ್ಲ, ಕೊಂದಿದ್ದರೂ ಜಮೀನು ಇನ್ನೊಬ್ಬ ವಾರಸುದಾರನಿಗೆ ಹೋಗುತ್ತಿತ್ತು. ಅಟಿಲಾ ಸತ್ತದ್ದರಿಂದ ಒಡೆತನಕ್ಕೆ ಏನೂ ಆಗಲಿಲ್ಲ, ಅವನು ಸಂಬಳದ ಆಳು. ಒಡೆಯ ಮರಳಿ ಬಂದದ್ದು ಅವನನ್ನು ಬಿಟ್ಟುಕೊಟ್ಟದ್ದರಿಂದಲ್ಲ. ಹೊಲ ಅವನ ಹೆಸರಿನಲ್ಲೇ ಉಳಿದಿತ್ತು, ಕಾನೂನಿನ ಕೈ ಮತ್ತೆ ಅವನ ಕಡೆಗಿತ್ತು.

ಈ ಚಿತ್ರ ಬಂದ 1976ರಲ್ಲೇ ನಮ್ಮ ದೇಶದಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂತು. ಒಡೆಯ ಸತ್ತ ಎಂದು ಅಂದು ಕಾಗದದ ಮೇಲೆ ಬರೆದರು. ಜೀತ ಬಿಟ್ಟವರ ಕೈಯಲ್ಲಿ ತುಂಡು ನೆಲವೂ ಇಲ್ಲದ ಊರುಗಳಲ್ಲಿ ಅವರು ಮರುದಿನ ಕೂಲಿ ಕೇಳಲು ಹೋದದ್ದು ಯಾರ ಮನೆ ಬಾಗಿಲಿಗೆ?