ನಾಲ್ಕು ಜನ ನೋಡುವ ಚಾನೆಲ್ಲು

ನಮ್ಮಲ್ಲಿ ‘ನಾಲ್ಕು ಜನ’ ಎಂಬ ಮಾತಿಗೆ ಬಹಳ ತೂಕ. ಹುಡುಗಿ ಹೊತ್ತು ಮೀರಿ ಮನೆಗೆ ಬಂದರೆ ‘ನಾಲ್ಕು ಜನ ಏನಂದಾರು’ ಎನ್ನುತ್ತೇವೆ. ಮದುವೆಯ ಊಟದಲ್ಲಿ ಪಾಯಸ ಸಾಲದೆ ಹೋದರೆ ನಾಲ್ಕು ಜನರೆದುರು ಮರ್ಯಾದೆ ಹೋಯಿತು ಎಂದು ಕೊರಗುತ್ತೇವೆ. ಆಗೆಲ್ಲ ನಾಲ್ಕು ಜನ ಎಂದರೆ ಇಡೀ ಊರು. ಆದರೆ ಅದೇ ನಾಲ್ಕು ಜನ ಹಳ್ಳಿಗೆ ಹೋಗುವ ಕೊನೆಯ ಬಸ್ಸಿನಲ್ಲಿ ಕೂತಿದ್ದರೆ ‘ಬಸ್ಸು ಖಾಲಿ’ ಎನ್ನುತ್ತಾರೆ. ಲೈಬ್ರರಿಯಲ್ಲಿ ಒಂದು ಪುಸ್ತಕವನ್ನು ವರ್ಷಕ್ಕೆ ನಾಲ್ಕು ಜನ ಒಯ್ದರೆ ‘ಯಾರೂ ಓದುವುದಿಲ್ಲ’ ಎಂದು ಅಟ್ಟಕ್ಕೆ ಹಾಕುತ್ತಾರೆ. ನಮ್ಮ ಮೇಲೆ ತೀರ್ಪು ಹೇಳಲು ನಾಲ್ಕು ಜನ ಸಾಕು; ತಮಗೆ ಬೇಕಾದದ್ದನ್ನು ಉಳಿಸಿಕೊಳ್ಳಲು ಮಾತ್ರ ಅವರು ಸಾಲರು.

ಈ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಟೀವಿಯಿಂದ. 2020ರ ಜೂನ್ ಕೊನೆಗೆ ಎಎಕ್ಸ್‌ಎನ್ ಎಂಬ ಇಂಗ್ಲಿಷ್ ಚಾನೆಲ್ಲು ನಮ್ಮ ದೇಶದಲ್ಲಿ ನಿಂತಿತು. ಅದೇ ವರ್ಷ ಡಿಸೆಂಬರ್ 15ರ ನಂತರ ಎಚ್‌ಬಿಒ ಮತ್ತು ಡಬ್ಲ್ಯುಬಿ ಎಂಬ ಇಂಗ್ಲಿಷ್ ಸಿನಿಮಾದ ಚಾನೆಲ್ಲುಗಳೂ ಮರೆಯಾದವು. ಎಚ್‌ಬಿಒ ಇಲ್ಲಿಗೆ ಬಂದದ್ದು 2000ದಲ್ಲಿ. ಇಪ್ಪತ್ತು ವರ್ಷ ನಡೆದು ಹೋಯಿತು. ಅದಕ್ಕೂ ಮೊದಲು 2017ರಲ್ಲಿ, ಜಪಾನಿನ ಕಾರ್ಟೂನು ಕಥೆಗಳಿಗೆಂದೇ ಇದ್ದ ಆನಿಮ್ಯಾಕ್ಸ್ ನಿಂತಿತ್ತು. ಇವೆಲ್ಲ ಹಣ ಕೊಟ್ಟು ನೋಡಬೇಕಾದ ಚಾನೆಲ್ಲುಗಳು, ನೋಡುವವರು ಕಡಿಮೆ. ನೋಡುವವರು ನಾಲ್ಕು ಜನವಾದರೂ ನಾಲ್ಕು ಕೋಟಿಯಾದರೂ ಉಪಗ್ರಹದ ಬಾಡಿಗೆ ತಪ್ಪುವುದಿಲ್ಲ. ಸಿನಿಮಾದ ಹಕ್ಕಿಗೆ, ಕೆಲಸದವರ ಸಂಬಳಕ್ಕೆ, ಕೇಬಲ್ಲಿನವರಿಗೆ ಹಣ ಕೊಡಲೇಬೇಕು. ಜಾಹೀರಾತು ಇಳಿದಾಗ, ಅದೂ ಕೊರೊನಾದ ವರ್ಷದಲ್ಲಿ ಪೂರ್ತಿ ಇಳಿದಾಗ, ಲೆಕ್ಕದ ಪುಸ್ತಕ ಮಡಚಿದರು.

ಅದರಲ್ಲಿ ದುಃಖಪಡುವಂಥದ್ದು ಏನಿದೆ, ಅಂಗಡಿ ಮುಚ್ಚಿತು ಅಷ್ಟೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಉಪನ್ಯಾಸಕಿ ಇದ್ದಾರೆ. ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ. ಕನ್ನಡ ಧಾರಾವಾಹಿ ಹಾಕಿದರೆ ಅವರಿಗೆ ಅರ್ಧ ಮಾತು ಕೇಳಿಸದು. ಇಂಗ್ಲಿಷ್ ಸಿನಿಮಾದ ಚಾನೆಲ್ಲುಗಳಲ್ಲಿ ಮಾತ್ರ ಪರದೆಯ ಕೆಳಗೆ ಮಾತುಗಳೆಲ್ಲ ಅಕ್ಷರದಲ್ಲಿ ಬರುತ್ತಿದ್ದವು. ಅವರು ಕನ್ನಡಕ ಹಾಕಿಕೊಂಡು ಸಿನಿಮಾವನ್ನು ಓದುತ್ತಿದ್ದರು. ಆ ಚಾನೆಲ್ಲು ನಿಂತ ಮೇಲೆ ಬೆಂಗಳೂರಿನ ತಂಗಿಯ ಮಗ ಮೊಬೈಲಿನಲ್ಲಿ ಏನೋ ಚಂದಾ ಕಟ್ಟಿಕೊಟ್ಟ. ಅದರಲ್ಲಿ ಸಾವಿರ ಸಿನಿಮಾ ಇದೆಯಂತೆ. ಆಕೆ ನನ್ನ ಹತ್ತಿರ ಹೇಳಿದ್ದು ಇಷ್ಟೇ: “ಅಲ್ಲಮ್ಮಾ, ಅದರಲ್ಲಿ ಮೊದಲು ನಾನೇ ಇಂಥದ್ದು ಬೇಕು ಅನ್ನಬೇಕು. ಇದಾದರೆ ರಾತ್ರಿ ಒಂಬತ್ತಕ್ಕೆ ಯಾರೋ ಏನೋ ಒಂದನ್ನು ಬಡಿಸುತ್ತಿದ್ದರು.” ದಿನವೂ ಹೋಟೆಲಿನ ಪಟ್ಟಿ ಹಿಡಿದು ಕೂರುವುದಕ್ಕೂ, ಇನ್ನೊಬ್ಬರು ಬಡಿಸಿದ ಎಲೆಯೆದುರು ಕೂರುವುದಕ್ಕೂ ಇರುವ ವ್ಯತ್ಯಾಸ ಅಡುಗೆಮನೆಯಲ್ಲಿ ಬಾಳು ಸವೆಸಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಆ ಒಬ್ಬರಿಗಾಗಿ ಚಾನೆಲ್ಲು ನಡೆಯಬೇಕಿತ್ತೆ? ನಡೆಯಬೇಕಾದರೆ ಆ ಹಣವನ್ನು ಯಾರು ಕೊಡಬೇಕು? ಇಲ್ಲಿಗೆ ಬಂದಾಗ ನ್ಯಾಯ ನಾವು ಅಂದುಕೊಂಡಷ್ಟು ಸುಲಭವಲ್ಲ.

ಹಿಂದೆ ಕೇಬಲ್ಲಿನಲ್ಲಿ ಚಾನೆಲ್ಲುಗಳು ಸೊಪ್ಪಿನ ಕಟ್ಟಿನ ಹಾಗೆ ಬರುತ್ತಿದ್ದವು. ಒಂದು ಒಳ್ಳೆಯ ಧಾರಾವಾಹಿಯ ಚಾನೆಲ್ಲಿನ ಜೊತೆ ನಾವು ನೋಡದ ಹತ್ತು ಚಾನೆಲ್ಲುಗಳು. 2019ರ ಫೆಬ್ರವರಿಯಿಂದ ದೂರಸಂಪರ್ಕ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ಪದ್ಧತಿ ತಂದಿತು. ಆಗ ಮೊದಲ ನೂರು ಚಾನೆಲ್ಲುಗಳಿಗೆ ತಿಂಗಳಿಗೆ 130 ರೂಪಾಯಿ ಮೀರದ ಶುಲ್ಕವಿತ್ತು. ತೆರಿಗೆ ಸೇರಿ 153 ರೂಪಾಯಿ ಚಿಲ್ಲರೆ. ಹಣದ ಚಾನೆಲ್ಲು ಬೇಕಾದರೆ ಅದರ ಬೆಲೆಯನ್ನು ಬೇರೆಯಾಗಿ ಕೊಟ್ಟು, ಬಿಡಿಯಾಗಿಯೇ ಕೊಳ್ಳಬಹುದು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಆಗ ಕೇಳಿದ್ದಳು: “ಅಕ್ಕಾ, ಇಷ್ಟು ದಿನ ನಾನು ನೋಡದ ಇಂಗ್ಲಿಷಿಗೂ ನನ್ನ ಕೈಲೇ ಕಟ್ಟಿಸಿಕೊಂಡರಾ?” ನನಗೆ ಹೌದು ಎನ್ನಬೇಕಾಯಿತು. ನಾಲ್ಕು ಮನೆಯ ಮುಸುರೆ ತೊಳೆದು ಅವಳು ಕಟ್ಟಿದ ಕೇಬಲ್ ಹಣದಲ್ಲಿ ಒಂದು ಪಾಲು, ಅವಳಿಗಿಂತ ಅನುಕೂಲಸ್ಥರ ರಾತ್ರಿಯ ಸಿನಿಮಾಕ್ಕೆ ಹೋಗುತ್ತಿತ್ತು. ಹಲವರು ಸೇರಿ ಕೆಲವರನ್ನು ಸಾಕುವುದು ಧರ್ಮವೆಂದು ನಾವು ಹೇಳುತ್ತೇವೆ. ಆದರೆ ಇಲ್ಲದವರ ಕೈಯಿಂದ ಇರುವವರನ್ನು ಸಾಕಿಸುವುದು ಯಾವ ಧರ್ಮ? ಆದ್ದರಿಂದ ಕಟ್ಟು ಬಿಚ್ಚಿದ್ದು ತಪ್ಪೆಂದು ನಾನು ಹೇಳಲಾರೆ.

ಇನ್ನೂ ಒಂದು ಮಾತಿದೆ. ಇಷ್ಟಪಟ್ಟವರೇ ಹಣ ಕೊಟ್ಟು ಉಳಿಸಿಕೊಳ್ಳಲಿ ಎಂಬ ಪ್ರಯತ್ನವೂ ನಡೆದಿತ್ತು. 2013ರಲ್ಲಿ ಎಚ್‌ಬಿಒದವರೇ ಜಾಹೀರಾತೇ ಇಲ್ಲದ ಎರಡು ಚಾನೆಲ್ಲುಗಳನ್ನು ತಂದರು. ಕೆಲವೇ ವರ್ಷಗಳಲ್ಲಿ ಅವೂ ನಿಂತವು. ಜಾಹೀರಾತು ಬಂದಾಗಲೆಲ್ಲ ಗೊಣಗುವ ನಾವು, ಅದಿಲ್ಲದೆ ನೋಡಲು ಕೈಬಿಚ್ಚುವಾಗ ಹಿಂಜರಿಯುತ್ತೇವೆ.

ಹೀಗೆ ಲೆಕ್ಕವೆಲ್ಲ ಸರಿಯಾದ ಮೇಲೂ ಮನಸ್ಸಿನಲ್ಲಿ ಏನೋ ಉಳಿಯಿತು. ಅದೇನೆಂದು ಹುಡುಕಿದಾಗ 2019ರ ಆ ಪಟ್ಟಿ ನೆನಪಾಯಿತು. ಕೇಬಲ್ಲಿನ ಹುಡುಗ ಮನೆಮನೆಗೂ ಅಚ್ಚು ಹಾಕಿದ ಹಾಳೆ ಕೊಟ್ಟು, ಬೇಕಾದವಕ್ಕೆ ಗುರುತು ಹಾಕಿ ಎಂದಿದ್ದ. ನಮ್ಮ ಸುತ್ತಿನ ಎಷ್ಟು ಮನೆಗಳಲ್ಲಿ ಆ ಹಾಳೆ ತುಂಬಿದ್ದನ್ನು ಕಂಡೆ! ಯಜಮಾನರಿಗೆ ಕ್ರಿಕೆಟ್ಟು, ಸುದ್ದಿ. ಮಕ್ಕಳಿಗೆ ಕಾರ್ಟೂನು. ಅತ್ತೆಗೆ ಧಾರಾವಾಹಿ, ಭಕ್ತಿಗೀತೆ. ಅಷ್ಟಕ್ಕೆ ಬಿಲ್ಲು ಮುನ್ನೂರು ದಾಟುತ್ತದೆ. “ನಿನಗೇನೇ?” ಎಂದರೆ ಒಲೆಯ ಮುಂದಿನಿಂದ ಒಂದೇ ಉತ್ತರ: “ನನಗೇನೂ ಬೇಡಿ, ಅತ್ತೆಯವರ ಜೊತೆ ಅದನ್ನೇ ನೋಡ್ತೀನಿ.” ಆಕೆಗೆ ಮಧ್ಯಾಹ್ನ ಎರಡರಿಂದ ಮೂರರವರೆಗೆ ಅಡುಗೆಯದೋ ಪ್ರವಾಸದ್ದೋ ಒಂದು ಚಾನೆಲ್ಲು ನೋಡುವ ಅಭ್ಯಾಸವಿತ್ತು. ಅದರ ಮುಂದೆ ಗುರುತು ಬೀಳಲಿಲ್ಲ. ಮೀನಿನ ತಲೆ, ದೋಸೆಯ ಮೊದಲ ಹರಕಲು ತುಂಡು ನಮ್ಮ ಪಾಲಿಗೆ ಉಳಿದ ಹಾಗೆಯೇ ಇದೂ.

ಕಡಿಮೆ ಜನ ನೋಡುವ ಚಾನೆಲ್ಲು ಎಂದರೆ ಕಡಿಮೆ ಜನಕ್ಕೆ ಬೇಕಾದದ್ದು ಎಂದೇ ಅರ್ಥವಲ್ಲ. ಬೇಕು ಎಂದು ಗಟ್ಟಿಯಾಗಿ ಹೇಳುವ ರೂಢಿ ಇಲ್ಲದವರಿಗೆ ಬೇಕಾದದ್ದೂ ಇರಬಹುದು. ಪೇಟೆಗೆ ಕೇಳಿಸುವುದು ಹಣ ಹಿಡಿದ ಕೈಯ ಮಾತು ಮಾತ್ರ.

ಎಣಿಕೆಯ ವಿಷಯವೂ ಅಷ್ಟೇ. 2020ರ ಹೊತ್ತಿಗೆ ದೇಶದಲ್ಲಿ ಟೀವಿ ಇದ್ದ ಮನೆಗಳು ಸುಮಾರು 21 ಕೋಟಿ. ಯಾರು ಏನು ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆ ಯಂತ್ರ ಇಟ್ಟಿದ್ದದ್ದು ಸುಮಾರು 44,000 ಮನೆಗಳಲ್ಲಿ. ಅಂದರೆ ಹೆಚ್ಚುಕಡಿಮೆ 4,800 ಮನೆಗಳಿಗೆ ಒಂದು. ಅನ್ನ ಬೆಂದಿತೇ ಎಂದು ನೋಡಲು ಇಡೀ ಪಾತ್ರೆ ಹಿಸುಕಬೇಕಿಲ್ಲ, ಒಂದು ಅಗುಳು ಸಾಕು. ಜನಪ್ರಿಯ ಚಾನೆಲ್ಲಿಗೆ ಈ ಲೆಕ್ಕ ಸರಿಯೇ. ಆದರೆ ಅದೇ ಅನ್ನಕ್ಕೆ ಬಿದ್ದ ನಾಲ್ಕು ಕಾಳು ಜೀರಿಗೆಯನ್ನು ಒಂದು ಅಗುಳಿನಲ್ಲಿ ಕಾಣಲಾದೀತೆ? ದೊಡ್ಡದನ್ನು ಅಳೆಯುವ ಸೇರು ಸಣ್ಣದರ ವಿಷಯದಲ್ಲಿ ಅಷ್ಟು ನಂಬಿಕಸ್ಥವಲ್ಲ.

ಇದಕ್ಕಿಂತ ಮುಖ್ಯವಾದದ್ದು, ಆ ಕೆಲವರು ಯಾರು ಎಂಬುದು. ಬಸ್ಸನ್ನೇ ನೋಡಿ. ಸ್ಕೂಟರು ಕೊಳ್ಳುವ ಶಕ್ತಿ ಇದ್ದವರು ಮೊದಲು ಬಸ್ಸು ಬಿಡುತ್ತಾರೆ. ಬಸ್ಸು ಖಾಲಿಯಾಗುತ್ತದೆ. ಖಾಲಿ ಬಸ್ಸೆಂದು ಅದನ್ನು ನಿಲ್ಲಿಸುತ್ತಾರೆ. ಆಗ ದಾರಿಯಲ್ಲಿ ನಿಲ್ಲುವವಳು ಗಂಟು ಹೊತ್ತ ಅಜ್ಜಿ. ಹಳ್ಳಿಯ ಕನ್ನಡ ಶಾಲೆಯ ಕಥೆಯೂ ಇದೇ. ಬೇರೆ ಕಡೆ ಫೀಸು ಕಟ್ಟಬಲ್ಲವರು ಹೋದ ಮೇಲೆ ಉಳಿದ ಹತ್ತು ಮಕ್ಕಳು ಕೂಲಿಯವರ ಮಕ್ಕಳು. ಟೀವಿಯಲ್ಲೂ ಹೀಗೆಯೇ ಆಯಿತು. ಒಳ್ಳೆಯ ಇಂಟರ್ನೆಟ್ಟು, ಹೊಸ ಮೊಬೈಲು ಇದ್ದವರು ತಮ್ಮ ಸಿನಿಮಾವನ್ನು ಬೇರೆ ಕಡೆ ಕಂಡುಕೊಂಡರು. ಕೊನೆಗೆ ಉಳಿದವರಲ್ಲಿ ಗುಂಡಿ ಒತ್ತಲು ಬಾರದ ಮುದುಕರು, ಮೊಬೈಲು ಮಕ್ಕಳ ಕೈಯಲ್ಲಿರುವ ತಾಯಂದಿರು ಇದ್ದರು. ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿದಷ್ಟೇ ಮುಖ್ಯವಾಗಿ, ಉಳಿದವರು ಇನ್ನೆಲ್ಲಿಗೆ ಹೋಗಬಲ್ಲರು ಎಂದೂ ಕೇಳಬೇಕಲ್ಲವೆ?

ಈ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬ ವಿವೇಕವೂ ಬೇಕು. ಅಮೆರಿಕದ ಕಂಪನಿ ನಮ್ಮ ಬೀದಿಯ ಉಪನ್ಯಾಸಕಿಗಾಗಿ ನಷ್ಟದಲ್ಲಿ ಅಂಗಡಿ ತೆರೆದಿಡಬೇಕೆಂದು ಹಟ ಮಾಡಲಾಗದು. ಅದು ವ್ಯಾಪಾರಕ್ಕೆ ಬಂದಿತ್ತು, ವ್ಯಾಪಾರವಾಗದೆ ಹೋಯಿತು. ಆದರೆ ಎಲ್ಲವನ್ನೂ ವ್ಯಾಪಾರದ ಲೆಕ್ಕಕ್ಕೆ ಬಿಡಬಾರದೆಂದೇ ನಾವು ಕೆಲವನ್ನು ಊರೊಟ್ಟಿನದಾಗಿ ಇಟ್ಟುಕೊಂಡಿದ್ದೇವೆ. ಪ್ರಸಾರ ಭಾರತಿಯ 1990ರ ಕಾಯಿದೆ, ಬೇರೆ ಬೇರೆ ಭಾಷೆ ಸಂಸ್ಕೃತಿಗಳಿಗೆ ಜಾಗ ಕೊಡುವುದು, ಹೆಂಗಸರ ಸ್ಥಿತಿಗತಿಯ ಬಗ್ಗೆ ಅರಿವು ಮೂಡಿಸುವುದು ಇವನ್ನೆಲ್ಲ ಅದರ ಕರ್ತವ್ಯವೆಂದೇ ಬರೆದಿದೆ. ಚಂದನದಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯನ್ನು ನೆನೆಯಿರಿ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಗೆದ್ದವರಿಗೆ ಪುಸ್ತಕ ಕೊಡುತ್ತಾರೆ. ಅಳುವಿಲ್ಲ, ಜಗಳವಿಲ್ಲ, ಲಕ್ಷ ರೂಪಾಯಿಯ ಆಸೆಯಿಲ್ಲ. ಸಾವಿರಾರು ಕಂತು ನಡೆದ ಆ ಕಾರ್ಯಕ್ರಮವನ್ನು, ವಾರವಾರವೂ ಅಂಕಿ ಎಣಿಸುವ ಯಾವ ಚಾನೆಲ್ಲು ಇಷ್ಟು ವರ್ಷ ಸಾಕುತ್ತಿತ್ತು? ಅಲ್ಲಿ ನಮ್ಮ ಪಾತ್ರೆಯಾಕೆಯ ತೆರಿಗೆಯ ಪೈಸೆಯೂ ಇದೆ. ಆದರೆ ಆ ಪೈಸೆ ಅವಳ ಮಗನಿಗೂ ಒಂದು ಪುಸ್ತಕ ಗೆಲ್ಲುವ ದಾರಿ ತೆರೆದಿಡುತ್ತದೆ. ಕಟ್ಟಿನಲ್ಲಿ ಸೇರಿಸಿ ಅವಳಿಂದ ವಸೂಲು ಮಾಡಿದ್ದಕ್ಕೂ ಇದಕ್ಕೂ ಇರುವ ಅಂತರ ಇದೇ.

ನಮ್ಮ ಮನೆಗಳಲ್ಲಿ ಇದನ್ನು ನಾವು ಎಂದೋ ತಿಳಿದವರು. ಐದು ಜನಕ್ಕೆ ಖಾರದ ಸಾರು ಮಾಡಿ, ಹುಣ್ಣಾದ ಬಾಯಿಯ ಮಾವನಿಗೆಂದು ಚಿಕ್ಕ ಪಾತ್ರೆಯಲ್ಲಿ ಸಪ್ಪೆಯದೊಂದನ್ನು ಇಡುತ್ತೇವೆ. ‘ಒಬ್ಬರಿಗೋಸ್ಕರ ಗ್ಯಾಸು ದಂಡ’ ಎಂದು ಯಾವ ಸೊಸೆಯೂ ಲೆಕ್ಕ ಬರೆದಿಲ್ಲ. ಹಾಗೆಂದು ದಿನಕ್ಕೆ ಐದು ಬಗೆಯ ಸಾರನ್ನೂ ಮಾಡುವುದಿಲ್ಲ. ಯಾರಿಗೆ ಬೇರೆ ಉಪಾಯವಿಲ್ಲವೋ ಅವರಿಗಷ್ಟೇ ಆ ಪಾತ್ರೆ. ಊರು, ಸರ್ಕಾರ ಇವುಗಳಿಂದಲೂ ನಾನು ಬಯಸುವುದು ಆ ಒಂದು ಚಿಕ್ಕ ಪಾತ್ರೆಯನ್ನು. ಜೊತೆಗೆ, ಮುಂದಿನ ಸಲ ಯಾವುದೇ ಪಟ್ಟಿ ಮನೆಗೆ ಬಂದಾಗ, ಒಲೆಯ ಮುಂದಿರುವಾಕೆ ಕೈ ಒರೆಸಿಕೊಂಡು ಬಂದು ತನಗೆ ಬೇಕಾದ ಒಂದರ ಮುಂದಾದರೂ ಗುರುತು ಹಾಕಲಿ. ಎಣಿಸುವವರು ಎಣಿಸಲಿ ಬಿಡಲಿ, ತನಗೂ ಒಂದು ಬೇಕಿತ್ತು ಎಂಬುದು ಮನೆಯವರಿಗಾದರೂ ತಿಳಿದಿರುತ್ತದೆ.