ಇಂದಿನ ಚಿಂತನೆ: ಅರಿಯದೆ ಅಂಟಿದ್ದು ಯಾರ ತಪ್ಪು?



ಕೊರೋನಾ ಹೆಚ್ಚಿನ ಮಕ್ಕಳನ್ನು ಅಷ್ಟಾಗಿ ಕಾಡಲಿಲ್ಲ. ಎರಡು ದಿನ ಜ್ವರ, ಕೆಮ್ಮು. ಎಷ್ಟೋ ಮಕ್ಕಳಿಗೆ ಲಕ್ಷಣವೇ ಇರಲಿಲ್ಲ. ಆದರೆ ಅವರಿಂದ ಮನೆಯ ಹಿರಿಯರಿಗೆ ಸೋಂಕು ದಾಟಬಹುದಿತ್ತು. ಹೀಗೆ ಕಾಯಿಲೆ ಹಗುರಾಗಿ ಹೋದರೂ ಮಗುವಿನ ಮೇಲೆ ಬೇರೊಂದು ಭಾರ ಬಿತ್ತು.

ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ರಂದು. ಆ ವಾರ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಸಾರ್, ಮೊದಲು ಜ್ವರ ಬಂದದ್ದು ನನಗೆ. ಅಜ್ಜಿ ಸತ್ತದ್ದು ನನ್ನಿಂದಾನಾ?" ಮನೆಯಲ್ಲಿ ಯಾರೋ ಹಾಗೆ ಅಂದಿದ್ದರು.

ಅವಳಿಗೆ ಧಮ್ಮಪದದ ಅಟ್ಠಕಥೆಯ ಚಕ್ಖುಪಾಲರ ಕಥೆ ಹೇಳಿದೆ. ಅವರು ಕಣ್ಣು ಕಾಣದ ಭಿಕ್ಖು. ಮಳೆಯ ನಂತರ ನಡೆದಾಡುವಾಗ ಹುಳುಗಳು ಅವರ ಕಾಲಡಿ ಸತ್ತವು. ಉಳಿದ ಭಿಕ್ಖುಗಳು ದೂರಿದರು. ಬುದ್ಧರು ಮಾತ್ರ ಅವರನ್ನು ತಪ್ಪಿತಸ್ಥರೆನ್ನಲಿಲ್ಲ. ಅವರಿಗೆ ಹುಳು ಕಂಡಿರಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ.

ವೈರಸ್ಸು ಕಣ್ಣಿದ್ದವರಿಗೂ ಕಾಣದು. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗುವಿನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿ. ಸೋಂಕು ದಾಟಿದ್ದು ಕಾರಣ-ಕಾರ್ಯದ ಸಂಗತಿ. ಅದಕ್ಕೆ ಅಪರಾಧದ ಹೆಸರಿಟ್ಟವರು ನಾವು. ಏನೂ ಮಾಡದವರ ಮೈಗೆ ದೋಷ ಅಂಟಿಸುವುದು ಎಷ್ಟು ಕ್ರೂರ ಎಂಬುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ಎಚ್ಚರಿಕೆ ಬೇಡವೆಂದಲ್ಲ. ತಿಳಿದವರಿಗೆ ಹೊಣೆಯಿದೆ: ಮಾಸ್ಕ್ ಹಾಕುವುದು, ಕಿಟಕಿ ತೆರೆಯುವುದು, ಜ್ವರ ಬಂದ ಮಗುವನ್ನು ಶಾಲೆಗೆ ಕಳಿಸದಿರುವುದು. ಆ ಹೊಣೆ ದೊಡ್ಡವರದು.

ನಿಮ್ಮ ಮನೆಯ ಮಗುವಿನ ಕಿವಿಗೂ ಅಂದು ಇಂಥ ಮಾತು ಬಿದ್ದಿದ್ದರೆ, ಇಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: "ನಿನ್ನ ತಪ್ಪಿಲ್ಲ, ಕಂದ."