ಗುಂಡನ ಮುಪ್ಪು: ದಯೆಯೋ, ಮೋಹವೋ?

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯ ಫ್ರಿಜ್ ಬಾಗಿಲು ತೆಗೆದಾಗ ಯಾರೂ ಕೂಗಲಿಲ್ಲ. ಇದೇನು ಮಹಾ ವಿಷಯ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಆರು ವರ್ಷಗಳಿಂದ ಆ ಬಾಗಿಲಿನ ಸದ್ದಿಗೆ ತಪ್ಪದೆ 'ವೀಕ್ ವೀಕ್' ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದ ಗುಂಡ ಅಂದು ಪಂಜರದ ಮೂಲೆಯಲ್ಲಿ ರೋಮ ಉಬ್ಬಿಸಿಕೊಂಡು ಮುದುಡಿ ಕುಳಿತಿದ್ದ. ಗುಂಡ ನಮ್ಮ ಮನೆಯ ಗಿನಿಪಿಗ್. ನೈರೋಬಿಯ ಫ್ಲಾಟಿನಲ್ಲಿ ನಾಯಿ ಸಾಕಲು ಆಗುವುದಿಲ್ಲ ಎಂದು ಮಗಳನ್ನು ಸಮಾಧಾನ ಮಾಡಲು 1,500 ಶಿಲ್ಲಿಂಗ್ ಕೊಟ್ಟು ತಂದ ಪ್ರಾಣಿ.

ಹೆಸರಿನಲ್ಲಿ 'ಪಿಗ್' ಇದ್ದರೂ ಇದು ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಸಾಕತೊಡಗಿದ, ಇಲಿ ಅಳಿಲುಗಳ ದೂರದ ನೆಂಟ. ಆಯುಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಅಂದರೆ ನಮ್ಮ ಗುಂಡ ಆಗಲೇ ಅಜ್ಜನಾಗಿದ್ದ. ನಾವು ಅದನ್ನು ಗಮನಿಸಿರಲಿಲ್ಲ. ಮಗಳು ನಮ್ಮ ಕಣ್ಣೆದುರೇ ಬೆಳೆದಳು, ಇವನು ನಮ್ಮ ಕಣ್ಣೆದುರೇ ಮುದುಕನಾದ.

ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. 980 ಗ್ರಾಂ ಇದ್ದವನು 860ಕ್ಕೆ ಇಳಿದಿದ್ದ. ಮೊದಲು ಹೋದ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ "ನಾವು ನಾಯಿ, ಬೆಕ್ಕು ಮಾತ್ರ ನೋಡುವುದು" ಎಂದರು. ಎರಡನೆಯ ಕಡೆ ವೈದ್ಯೆ ಎಕ್ಸ್‌ರೇ ತೆಗೆದು ಮೂತ್ರಕೋಶದಲ್ಲಿ ಕಲ್ಲಿದೆ ಎಂದು ತೋರಿಸಿದರು. ಆಮೇಲೆ ನಮಗೆ ಗೊತ್ತಿರದಿದ್ದ ಒಂದು ಮಾತು ಹೇಳಿದರು. ಇಂಥ ಪ್ರಾಣಿಗಳು ಕಾಡಿನಲ್ಲಿ ಬೇರೆಯವರಿಗೆ ಆಹಾರವಾಗುವಂಥವು. ನೋವಿದೆ ಎಂದು ತೋರಿಸಿಕೊಂಡರೆ ಹದ್ದೋ ನರಿಯೋ ಮೊದಲು ಹಿಡಿಯುವುದು ಅದನ್ನೇ. ಆದ್ದರಿಂದ ಕೊನೆಯವರೆಗೂ ನೋವನ್ನು ಬಚ್ಚಿಡುತ್ತವೆ. "ಮುಖ ನೋಡಿ ತಿಳಿಯುವುದಿಲ್ಲ, ವಾರಕ್ಕೊಮ್ಮೆ ತೂಕ ನೋಡಬೇಕಿತ್ತು" ಎಂದರು.

ಕಲ್ಲಿಗೆ ಕಾರಣ ಇದೇ ಎಂದು ಹೇಳಲಾಗದು, ಆದರೆ ಕ್ಯಾಲ್ಸಿಯಂ ಹೆಚ್ಚಿರುವ ಮೇವೂ ಒಂದು ಕಾರಣವಾಗಬಹುದಂತೆ. ನಾವು ಪ್ರೀತಿಯಿಂದ ದಿನವೂ ಸುಕುಮಾ ವಿಕಿ ಸೊಪ್ಪನ್ನು ಕೈತುಂಬ ಕೊಡುತ್ತಿದ್ದೆವು! ಅದಕ್ಕೆ ಬೇಕಾದ್ದು ಮುಖ್ಯವಾಗಿ ಒಣಹುಲ್ಲು, ಜೊತೆಗೆ ವಿಟಮಿನ್ ಸಿಗಾಗಿ ಒಂದು ತುಂಡು ದಪ್ಪ ಮೆಣಸಿನಕಾಯಿ, ಅಂದರೆ ಇಲ್ಲಿಯ 'ಹೋಹೋ'. ಪ್ರೀತಿ ಇದ್ದರೆ ಸಾಲದು, ತಿಳುವಳಿಕೆಯೂ ಬೇಕು ಎನ್ನುವುದು ನಮಗಾದ ಮೊದಲ ಪಾಠ.

ಆರು ವರ್ಷದ ದೇಹ ಅರಿವಳಿಕೆಯನ್ನು ತಡೆಯುವುದು ಕಷ್ಟ, ಆಪರೇಷನ್ನಿನಲ್ಲೇ ಹೋಗಬಹುದು ಎಂದರು. ಮಾಡಿಸಿದರೆ ಖರ್ಚು ನಾವು ಅವನನ್ನು ಕೊಂಡ ಬೆಲೆಯ ಇಪ್ಪತ್ತು ಪಟ್ಟಿಗೂ ಮೇಲೆ. ಇಲ್ಲದಿದ್ದರೆ ನೋವಿಗೆ ಔಷಧ ಕೊಟ್ಟು, ಆಹಾರದ ಪುಡಿ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ಮೂರು ಗಂಟೆಗೊಮ್ಮೆ ತಿನ್ನಿಸಬೇಕು. ಗಿನಿಪಿಗ್ಗಿನ ಕರುಳು ಸದಾ ನಡೆಯುತ್ತಿರಬೇಕು, ಒಂದು ದಿನ ಉಪವಾಸವಿದ್ದರೂ ಪ್ರಾಣಕ್ಕೆ ಅಪಾಯ. ಮೂರನೆಯದು, ನೋವಿಲ್ಲದಂತೆ ಮಲಗಿಸಿಬಿಡುವ ಇಂಜೆಕ್ಷನ್. ಯೋಚಿಸಿ ಹೇಳಿ ಎಂದರು.

ನಮ್ಮ ಯೋಚನೆ ಶುರುವಾದದ್ದು ಲೆಕ್ಕದಿಂದ. ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಇದೊಂದು ಅಭ್ಯಾಸ. ರಿಪೇರಿಯ ಖರ್ಚು ಹೊಸದರ ಬೆಲೆಗಿಂತ ಹೆಚ್ಚಾದರೆ ಹಳೆಯದನ್ನು ಬಿಟ್ಟು ಹೊಸದನ್ನು ತರಬೇಕು. ಪ್ರಿಂಟರ್‌ಗೆ ಸರಿಹೋಗುವ ಈ ಲೆಕ್ಕ ಗುಂಡನ ವಿಷಯದಲ್ಲಿ ಬಾಯಿಗೆ ಬಂದರೂ ಗಂಟಲಿನಲ್ಲೇ ನಿಂತಿತು. 1,500 ಶಿಲ್ಲಿಂಗ್ ಅಂಗಡಿಯವನು ಹೇಳಿದ ಬೆಲೆ. ಅದು ಗುಂಡನ ಬೆಲೆ ಎಂದು ಯಾರು ಹೇಳಿದವರು?

ಆದರೆ ಇನ್ನೊಂದು ಲೆಕ್ಕ ಅಷ್ಟು ಸುಲಭವಾಗಿ ಬಿಡಲಿಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಆಂಟಿ ಗುಂಡನನ್ನು ನೋಡಿ "ಪೋಲೆ, ಪೋಲೆ ಸಾನಾ" ಎಂದು ನಿಜವಾಗಿಯೇ ಮರುಗಿದರು. ಆಮೇಲೆ ಎಕ್ಸ್‌ರೇಗೆ ಎಷ್ಟಾಯಿತು ಎಂದು ಕೇಳಿದರು. ಹೇಳಿದೆವು. ಅವರು ಏನೂ ಅನ್ನಲಿಲ್ಲ, ಪಾತ್ರೆ ತೊಳೆಯಲು ಹೋದರು. ಅವರ ಮಗನ ಶಾಲೆಯ ಫೀಸು ಆ ಟರ್ಮಿನಲ್ಲಿ ಬಾಕಿಯಿದ್ದದ್ದು ನಮಗೆ ಗೊತ್ತಿತ್ತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮನುಷ್ಯರ ಮಕ್ಕಳಿಗೇ ಇಲ್ಲದಿರುವಾಗ ಇಲಿಯ ಜಾತಿಯ ಪ್ರಾಣಿಗೆ ಇಷ್ಟು ಖರ್ಚು ಮಾಡುವುದು ಧರ್ಮವೇ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಈ ಪ್ರಶ್ನೆ ನಮಗೆ ಹೊಳೆದದ್ದು ಗುಂಡನ ಬಿಲ್ಲು ಬಂದಾಗ. ಅದಕ್ಕೂ ಎರಡು ತಿಂಗಳ ಮುಂಚೆ ಹೊಸ ಫೋನ್ ಕೊಂಡಾಗ ಹೊಳೆದಿರಲಿಲ್ಲ! ನಮ್ಮ ಸುಖಕ್ಕೆ ಖರ್ಚು ಮಾಡುವಾಗ ಬಡವರ ನೆನಪು ಬರುವುದಿಲ್ಲ, ಮೂಕಪ್ರಾಣಿಗೆ ಖರ್ಚು ಮಾಡುವಾಗ ಮಾತ್ರ ಬರುತ್ತದೆ. ಹಾಗಾದರೆ ಅದು ದಯೆಯ ಲೆಕ್ಕವೋ, ಕೈ ಬಿಗಿಹಿಡಿಯಲು ಒಂದು ನೆಪವೋ? ಆ ಟರ್ಮಿನ ಫೀಸನ್ನು ನಾವು ಕಟ್ಟಿದೆವು. ಅದನ್ನಿಲ್ಲಿ ಹೇಳುತ್ತಿರುವುದು ಹೊಗಳಿಸಿಕೊಳ್ಳಲಿಕ್ಕಲ್ಲ. ಗುಂಡನಿಗೆ ಕಾಯಿಲೆ ಬರದಿದ್ದರೆ ಕಟ್ಟುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲಿಕ್ಕೆ.

ಗಿನಿಪಿಗ್ ಜಾತಿಗೆ ಮನುಷ್ಯರ ಋಣ ಬೇರೆ ಇದೆ. 'ನನ್ನನ್ನು ಗಿನಿಪಿಗ್ ಮಾಡಿಕೊಂಡರು' ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಸಮುದ್ರಯಾನದ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವನ್ನು 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೀ ಕಾಳು ತಿನ್ನಿಸಿದ ಗಿನಿಪಿಗ್ಗುಗಳಲ್ಲಿ ಕಂಡರು. ನಮ್ಮ ಹಾಗೆಯೇ ಅದರ ದೇಹವೂ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳಲಾರದು. ಮುಂದೆ ಆ ವಿಟಮಿನ್ ಪತ್ತೆಯಾಗಲು ಇದು ದಾರಿಯಾಯಿತು. ನಮ್ಮ ಹಿರಿಯರು ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞವನ್ನೂ ಸೇರಿಸಿ, ಊಟಕ್ಕೆ ಮುಂಚೆ ಕಾಗೆಗೂ ಹಸುವಿಗೂ ತುತ್ತು ತೆಗೆದಿಟ್ಟದ್ದು ದಾನವೆಂದಲ್ಲ, ಋಣವೆಂದು. ಅದರಲ್ಲೂ ಪಂಜರದಲ್ಲಿಟ್ಟು ಸಾಕಿದ ಮೇಲೆ, ಆ ಪ್ರಾಣಿ ತನ್ನ ಹುಲ್ಲನ್ನು ತಾನು ಹುಡುಕಿಕೊಳ್ಳುವ ದಾರಿಯನ್ನು ಮುಚ್ಚಿದವರು ನಾವೇ.

ಹೀಗೆ ನಾವು ಎರಡನೆಯ ದಾರಿ ಹಿಡಿದೆವು. ಆಫೀಸಿನಲ್ಲಿ ಸರ್ವರ್ ಕಾಯುವ ಪಾಳಿಯಂತೆ ಮನೆಯಲ್ಲೂ ಪಾಳಿ ಶುರುವಾಯಿತು. ರಾತ್ರಿ ಹತ್ತಕ್ಕೆ ಒಬ್ಬರು, ಒಂದಕ್ಕೆ ಇನ್ನೊಬ್ಬರು, ನಾಲ್ಕಕ್ಕೆ ಮತ್ತೆ ಮೊದಲಿನವರು. ಜುಲೈ ಚಳಿಯಲ್ಲಿ ಟವೆಲಿನಲ್ಲಿ ಸುತ್ತಿ, ಬಾಯಿಯ ಪಕ್ಕದಿಂದ ಒಂದೊಂದೇ ಹನಿ. ಮಗಳು ದಿನವೂ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಆಗ ಸ್ನೇಹಿತರೊಬ್ಬರು ಭರತನ ಕಥೆ ನೆನಪಿಸಿದರು. ಭಾಗವತದಲ್ಲಿ ಬರುವ ಕಥೆ ನಿಮಗೂ ಗೊತ್ತಿರುತ್ತದೆ. ರಾಜ್ಯ ಬಿಟ್ಟು ತಪಸ್ಸಿಗೆ ಹೋದ ಭರತ ಹೊಳೆಯಲ್ಲಿ ಬಿದ್ದ ಜಿಂಕೆಮರಿಯನ್ನು ಕಾಪಾಡಿ ಸಾಕಿದ. ಜಪ ತಪ ಎಲ್ಲ ಮರೆತ. ಸಾಯುವಾಗಲೂ ಅದನ್ನೇ ನೆನೆದು ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದ. "ನಿಮ್ಮದೂ ಹಾಗೇ ಆದೀತು, ಹುಷಾರು" ಎಂದು ನಕ್ಕರು. ನಮಗೆ ನೆನಪಾದದ್ದು ಧರ್ಮರಾಯ. ಸ್ವರ್ಗದ ಬಾಗಿಲಿನಲ್ಲಿ ಇಂದ್ರನೇ ಬಂದು ರಥ ಹತ್ತು, ನಾಯಿಯನ್ನು ಬಿಡು ಎಂದಾಗ, ನಂಬಿ ಬಂದದ್ದನ್ನು ಬಿಡಲಾರೆ ಎಂದವನು.

ಒಂದೇ ಪರಂಪರೆ ಒಬ್ಬನನ್ನು ಎಚ್ಚರಿಕೆಯಾಗಿ ತೋರಿಸುತ್ತದೆ, ಇನ್ನೊಬ್ಬನನ್ನು ಆದರ್ಶವಾಗಿ. ವ್ಯತ್ಯಾಸ ಎಲ್ಲಿದೆ? ಭರತ ಮರಿಯನ್ನು ನೀರಿನಿಂದ ಎತ್ತಿದ್ದು ತಪ್ಪಲ್ಲ. ಅದು ಬೆಳೆದು ಕಾಡಿಗೆ ಹೋಗಬಲ್ಲದ್ದಾದ ಮೇಲೂ ಅವನ ಮನಸ್ಸು ಬಿಡಲಿಲ್ಲ. ಜಿಂಕೆಗೆ ಅವನು ಬೇಕಾಗಿರಲಿಲ್ಲ, ಅವನಿಗೆ ಜಿಂಕೆ ಬೇಕಾಗಿತ್ತು. ಧರ್ಮರಾಯನಿಗೆ ನಾಯಿಯಿಂದ ಏನೂ ಆಗಬೇಕಾಗಿರಲಿಲ್ಲ, ಸ್ವರ್ಗ ಕಳೆದುಕೊಳ್ಳುವುದೊಂದೇ ಬಾಕಿ. ಆದ್ದರಿಂದ ನಮಗೆ ತೋಚಿದ ಪರೀಕ್ಷೆ ಒಂದೇ: ಇದನ್ನು ನಾವು ಯಾರ ಸಲುವಾಗಿ ಮಾಡುತ್ತಿದ್ದೇವೆ? ಅದರ ಸಲುವಾಗಿಯಾದರೆ ದಯೆ. ನಮ್ಮ ಸಲುವಾಗಿಯಾದರೆ ಮೋಹ.

ಹತ್ತನೆಯ ದಿನ ಈ ಪರೀಕ್ಷೆ ನಮ್ಮ ಮುಂದೆಯೇ ಬಂದು ನಿಂತಿತು. ತೂಕ 700ಕ್ಕೆ ಇಳಿದಿತ್ತು. ಹನಿ ಹಾಕಿದರೆ ನುಂಗದೆ ಪಕ್ಕದಿಂದ ಇಳಿಯುತ್ತಿತ್ತು. ಮೂತ್ರ ಮಾಡುವಾಗ ನೋವು ತಾಳದೆ ಸಣ್ಣಗೆ ಚೀರುತ್ತಿದ್ದ. ಬಚ್ಚಿಡುವ ಶಕ್ತಿಯೂ ಮುಗಿದಿತ್ತು. ಅಹಿಂಸೆ ಎಂದು ಹೇಳಿಕೊಂಡು ಬೆಳೆದವರು ನಾವು, ಇಂಜೆಕ್ಷನ್ ಎಂದರೆ ಕೊಲೆಯಲ್ಲವೇ ಎಂದು ಮನಸ್ಸು ಹಿಂಜರಿಯಿತು.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ನೋವಿನಿಂದ ನರಳುತ್ತಿತ್ತು. ಗಾಂಧೀಜಿ ಆಶ್ರಮದವರ ಜೊತೆ ಚರ್ಚಿಸಿ, ಡಾಕ್ಟರರಿಂದ ಇಂಜೆಕ್ಷನ್ ಕೊಡಿಸಿ ಅದರ ನೋವನ್ನು ಮುಗಿಸಿದರು. ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲೇ ಬರೆದರು. ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಅದೇ ಬರಹದಲ್ಲಿ ಅವರು ಬೆಳೆ ಹಾಳು ಮಾಡುವ ಕೋತಿಗಳ ವಿಷಯವನ್ನೂ ಎತ್ತಿದ್ದರು. ಅವುಗಳನ್ನು ಕೊಂದರೆ ಅದು ನಮ್ಮ ಲಾಭಕ್ಕೆ, ಆದ್ದರಿಂದ ಹಿಂಸೆಯೇ. ಕರುವಿನದು ಹಾಗಲ್ಲ, ಅದು ಕರುವಿನ ಸಲುವಾಗಿಯೇ ಮಾಡಿದ್ದು ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಅವರು ಹಿಡಿದದ್ದೂ ಇದೇ ಅಳತೆಗೋಲು, ಯಾರ ಸಲುವಾಗಿ?

ನಮ್ಮ ಕೀನ್ಯಾದಲ್ಲೇ, ನಾನ್ಯೂಕಿ ಬಳಿಯ ಓಲ್ ಪೆಜೆಟಾದಲ್ಲಿ, ಸುಡಾನ್ ಎಂಬ ಘೇಂಡಾಮೃಗವಿತ್ತು. ಉತ್ತರದ ಬಿಳಿ ಘೇಂಡಾಮೃಗಗಳಲ್ಲಿ ಉಳಿದ ಕೊನೆಯ ಗಂಡು. ಅದರ ಒಂದೊಂದು ದಿನಕ್ಕೂ ಎಷ್ಟು ಬೆಲೆ ಯೋಚಿಸಿ! ಆದರೂ 45ನೆಯ ವಯಸ್ಸಿನಲ್ಲಿ ಮೂಳೆ, ಮಾಂಸಖಂಡ ಸೋತು, ಚರ್ಮದ ಹುಣ್ಣುಗಳಿಂದ ನರಳಿ, ಎದ್ದು ನಿಲ್ಲಲಾಗದೆ ಹೋದಾಗ, 2018ರ ಮಾರ್ಚ್ 19ರಂದು ವೈದ್ಯರು ಅದನ್ನು ನೋವಿಲ್ಲದೆ ಕಳಿಸಿಕೊಟ್ಟರು. ಜಗತ್ತಿಗೇ ಅದು ಬೇಕಾಗಿತ್ತು. ಅದಕ್ಕೆ ಬೇಕಾಗಿದ್ದದ್ದು ಬಿಡುಗಡೆ.

ಇದನ್ನೆಲ್ಲ ಮಾತಾಡಿಕೊಳ್ಳುತ್ತಿರುವಾಗ ಮಗಳು ಕೇಳಿದಳು, "ಅಪ್ಪಾ, ಅಮ್ಮಾ, ನಾಳೆ ಅವನು ತಿಂತಾನಾ?" ಇಲ್ಲ ಎಂದೆವು. "ಹಾಗಾದ್ರೆ ನಾಳೆ ಯಾರಿಗೆ ಬೇಕು?" ಎಂದಳು. ಹನ್ನೊಂದನೆಯ ದಿನ ಬೆಳಿಗ್ಗೆ ಮೂವರೂ ಹೋದೆವು. ಅವಳ ಮಡಿಲಿನಲ್ಲೇ ಟವೆಲಿನಲ್ಲಿ ಸುತ್ತಿಕೊಂಡು ಮಲಗಿದ. ಮಾಡಿದ್ದು ಸರಿಯೇ ಎಂದು ಇಂದಿಗೂ ಎದೆತಟ್ಟಿ ಹೇಳಲಾರೆವು. ನಮ್ಮ ನಿದ್ದೆಗೆ, ನಮ್ಮ ಖರ್ಚಿಗೆ ಮಾಡಿದ್ದಲ್ಲ ಎಂದು ಮಾತ್ರ ಹೇಳಬಲ್ಲೆವು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬಚ್ಚಿಟ್ಟರೆ ಅರ್ಧಸತ್ಯವಾಗುವ ಒಂದು ಮಾತು ಉಳಿದಿದೆ. ಆ ದಿನಗಳಲ್ಲೇ ಒಂದು ಭಾನುವಾರ ಹಾಸನಕ್ಕೆ ಫೋನ್ ಮಾಡಿದ್ದೆವು. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಪಾಳಿಯ ವಿಷಯ ಕೇಳಿ "ಅಲ್ಲ ಕಣ್ರೋ, ರಾತ್ರಿ ಎದ್ದೆದ್ದು ಇಲೀಗೆ ಊಟ ಮಾಡಿಸ್ತೀರಾ?" ಎಂದು ನಕ್ಕರು. ಆಮೇಲೆ "ಮಾಡಿ, ಮಾಡಿ, ಬಾಯಿಲ್ಲದ್ದು. ನಮ್ಗಾದ್ರೆ ಹೇಳ್ಕೊಳ್ಳೋಕೆ ಬಾಯಾದ್ರೂ ಇದೆ" ಎಂದರು. ಹೇಗಿದ್ದೀರಿ ಎಂದದ್ದಕ್ಕೆ "ನನಗೇನಾಗಿದೆ, ಚೆನ್ನಾಗಿದೀನಿ" ಎಂದರು. ಮೂರು ದಿನ ಕಳೆದು ಪಕ್ಕದ ಮನೆಯವರಿಂದ ತಿಳಿಯಿತು. ಅಮ್ಮ ಬಚ್ಚಲುಮನೆಯಲ್ಲಿ ಜಾರಿಬಿದ್ದು ಎರಡು ವಾರವಾಗಿತ್ತು, ಗೋಡೆ ಹಿಡಿದು ನಡೆಯುತ್ತಿದ್ದರು.

ಬಾಯಿದ್ದವರೂ ನೋವನ್ನು ಬಚ್ಚಿಡುತ್ತಾರೆ. ಹದ್ದು ನರಿಯ ಭಯದಿಂದಲ್ಲ, ದೂರದಲ್ಲಿರುವ ಮಕ್ಕಳಿಗೆ ಕಷ್ಟವಾಗಬಾರದೆಂದು. ಕೈಗೆ ಸಿಗುವ ಗುಂಡನನ್ನು ದಿನವೂ ತೂಗುತ್ತಿದ್ದ ನಾವು, ಫೋನಿನಲ್ಲಿ ಬಂದ 'ಚೆನ್ನಾಗಿದೀನಿ'ಯನ್ನು ತೂಗಿ ನೋಡಲೇ ಇಲ್ಲ. ಅದನ್ನು ನಂಬಿದ್ದು ಯಾರ ಸಲುವಾಗಿ? ನಂಬಿದರೆ ನಮಗೆ ಅನುಕೂಲವಿತ್ತು.

ಗುಂಡನಿಗೆ ಕೊಟ್ಟದ್ದು ಅಮ್ಮನಿಂದ ಕಸಿದದ್ದೆಂದು ನಾವು ತಿಳಿಯುವುದಿಲ್ಲ. ದಯೆ ಪಾಲು ಹಂಚುವ ಆಸ್ತಿಯಲ್ಲ. ಹತ್ತಿರದ ಸಣ್ಣ ಜೀವದಲ್ಲಿ ಕಲಿತದ್ದನ್ನು ದೂರದ ದೊಡ್ಡ ಋಣಕ್ಕೆ ಒಯ್ಯದೆ ಹೋದರೆ ಮಾತ್ರ ಅದು ಭರತನ ಜಿಂಕೆಯಾಗುತ್ತದೆ. ಆಗಸ್ಟಿನಲ್ಲಿ ನಮ್ಮಲ್ಲೊಬ್ಬರು ಹಾಸನಕ್ಕೆ ಹೋಗಿ ಮೂರು ವಾರ ಇದ್ದು, ಡಾಕ್ಟರಿಗೆ ತೋರಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ ಬಂದದ್ದಾಯಿತು. ಈಗ ಭಾನುವಾರ ಫೋನ್ ಮಾಡಿದಾಗ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಬೆಳಿಗ್ಗೆ ಏನು ತಿಂದಿರಿ, ಎಷ್ಟು ತಿಂದಿರಿ, ಹಿತ್ತಲವರೆಗೆ ನಡೆದಿರಾ ಎಂದು ಕೇಳುತ್ತೇವೆ. "ನನ್ನನ್ನೂ ತಕ್ಕಡೀಲಿ ಹಾಕ್ತೀರೇನ್ರೋ!" ಎಂದು ಅಮ್ಮ ಬೈಯುತ್ತಾರೆ. ಬೈದ ಮೇಲೆ ಉತ್ತರವನ್ನೂ ಹೇಳುತ್ತಾರೆ.